ಮೀಸಲು ಪಡೆಯವರಿಗೆ ಏನು ಕೆಲಸ?

ಪ್ರಶ್ನೆ: ಸುಬೇದಾರರೇ, ಒಂದು ಬೆಟಾಲಿಯನ್‌ನಲ್ಲಿ ಸುಮಾರು 800 ಜನ ಇರುತ್ತಾರಂತೆ. ದಾಳಿಯ ಹೊತ್ತಿಗೆ ಕೆಲವರನ್ನು ಮಾತ್ರ ಮುಂದೆ ಬಿಟ್ಟು ಉಳಿದವರನ್ನು ಹಿಂದೆ ಕೂರಿಸುವುದೇಕೆ? ಎಲ್ಲರೂ ಒಟ್ಟಿಗೆ ನುಗ್ಗಬಾರದೇ?

ಉತ್ತರ: ಆ 800 ರೋಲ್‌ಕಾಲ್‌ನ ಲೆಕ್ಕ. ಅದರಲ್ಲಿ ಅಡುಗೆಯವರು, ಡ್ರೈವರ್‌ಗಳು, ವೈರ್‌ಲೆಸ್‌ನವರು, ಮಾರ್ಟರ್‌ನವರು ಎಲ್ಲರೂ ಸೇರಿದ್ದಾರೆ. ನುಗ್ಗುವವರು ರೈಫಲ್ ಕಂಪನಿಗಳವರು. ಹತ್ತು ಜನಕ್ಕೊಂದು ಸೆಕ್ಷನ್, ಮೂರು ಸೆಕ್ಷನ್‌ಗೊಂದು ಪ್ಲಟೂನ್, ಮೂರು ಪ್ಲಟೂನ್‌ಗೊಂದು ಕಂಪನಿ. ಈ ಮೂರರ ಕಟ್ಟಿನಲ್ಲೇ ನಿಮ್ಮ ಉತ್ತರವಿದೆ: ಸಾಮಾನ್ಯವಾಗಿ ಎರಡು ಮುಂದೆ, ಒಂದು ಹಿಂದೆ.

ಸೆಕ್ಷನ್ನಿನ ಹತ್ತು ಜನರೂ ಒಟ್ಟಿಗೆ ಓಡುವುದಿಲ್ಲ. ಎಲ್‌ಎಂಜಿಯವನು, ಅಂದರೆ ಹಗುರ ಮಷಿನ್‌ಗನ್ ಹಿಡಿದವನು, ಒಂದು ಮಗ್ಗುಲಲ್ಲಿ ಮಲಗಿ, ಎದುರಾಳಿ ಬಂಕರಿನಿಂದ ತಲೆ ಎತ್ತದಂತೆ ಗುಂಡು ಸುರಿಸುತ್ತಿರುತ್ತಾನೆ. ಉಳಿದವರು ಇನ್ನೊಂದು ಮಗ್ಗುಲಿನಿಂದ ತೆವಳುತ್ತಾರೆ. ಅವರು ಹತ್ತಿರವಾದಂತೆಲ್ಲ ಅವನು ಗುರಿಯನ್ನು ಆಚೆಗೆ ಸರಿಸುತ್ತಾ ಹೋಗಬೇಕು. ತಡವಾದರೆ ನಮ್ಮವರಿಗೇ ಬೀಳುತ್ತದೆ. ಎಲ್ಲರೂ ಎದ್ದು ಓಡಿದರೆ ಈ ಕೆಲಸ ಮಾಡುವವರು ಯಾರು?

ಇನ್ನು ಹಿಂದಿನ ಪ್ಲಟೂನ್, ಅಂದರೆ ಮೀಸಲು. ಗುರಿ ಕೈಗೆ ಬಂದ ಗಳಿಗೆಯೇ ಅತಿ ಅಪಾಯದ್ದು. ಗೆದ್ದವರ ಹತ್ತಿರ ಮದ್ದುಗುಂಡು ತಳ ಕಂಡಿರುತ್ತದೆ, ಗಾಯಾಳುಗಳನ್ನು ಇಳಿಸಬೇಕು, ಯಾರು ಎಲ್ಲಿದ್ದಾರೆಂದೇ ಗೊತ್ತಾಗುವುದಿಲ್ಲ. ಮರುದಾಳಿ ಬರುವುದು ಆಗಲೇ. ದಣಿಯದ ಮೂವತ್ತು ಜನ ಬೇಕಾಗುವುದೂ ಆಗಲೇ. ಅವರನ್ನು ಯಾವಾಗ ಕಳಿಸಬೇಕೆನ್ನುವುದೇ ಕಮಾಂಡರನ ನಿಜವಾದ ಪರೀಕ್ಷೆ. ಒಮ್ಮೆ ಕಳಿಸಿದ ಮೇಲೆ ಅವನು ನೋಡುತ್ತಾ ನಿಲ್ಲುವುದೊಂದೇ ಬಾಕಿ, ಬೇಗನೆ ಇನ್ನೊಂದು ಮೀಸಲು ಕಟ್ಟಿಕೊಳ್ಳದಿದ್ದರೆ.

ದೊಡ್ಡ ಸೈನ್ಯಗಳೂ ಇಲ್ಲೇ ಎಡವಿವೆ. 1940ರಲ್ಲಿ ಫ್ರಾನ್ಸ್ ತನ್ನ ಮೀಸಲಿನಲ್ಲಿದ್ದ ಏಳನೇ ಸೇನೆಯನ್ನು ಹಾಲೆಂಡಿನ ಕಡೆ ಓಡಿಸಿತು. ಜರ್ಮನ್ನರು ಬೇರೆ ಕಡೆ, ಫ್ರಾನ್ಸಿನ ಸೆಡಾನ್ ಪಟ್ಟಣದ ಬಳಿ ಮ್ಯೂಸ್ ನದಿ ದಾಟಿ ನುಗ್ಗಿದರು. ಮೇ 16ರಂದು ಪ್ಯಾರಿಸಿಗೆ ಬಂದ ಚರ್ಚಿಲ್, ನಿಮ್ಮ ಮೀಸಲು ಪಡೆ ಎಲ್ಲಿ ಎಂದು ಕೇಳಿದರೆ, ಸೇನಾಧಿಪತಿ ಗ್ಯಾಮೆಲಿನ್ ಇಲ್ಲ ಎಂದು ತಲೆಯಾಡಿಸಿದರು.

ಪ್ರಶ್ನೆ: ದಾಳಿ ಮಾಡುವವರು ಕಾಯುವವರ ಮೂರು ಪಟ್ಟು ಇರಲೇಬೇಕೇ?

ಉತ್ತರ: ಇಡೀ ಗಡಿಯುದ್ದಕ್ಕೂ ಬೇಡ, ಹೊಡೆಯುವ ಜಾಗದಲ್ಲಿ ಇದ್ದರೆ ಸಾಕು. ಬೇರೆ ಕಡೆ ತೆಳ್ಳಗೆ ನಿಲ್ಲಿಸಿ ಅಲ್ಲಿ ಒಟ್ಟು ಮಾಡುತ್ತಾರೆ. ಬೆಟ್ಟದ ತುದಿಯಲ್ಲಿ ಕೂತವನನ್ನು ಇಳಿಸಲು ಮಾತ್ರ ಮೂರು ಪಟ್ಟೂ ಸಾಲದು. ಹತ್ತುವವನಿಗೆ ಮರೆಯಿಲ್ಲ, ಉಸಿರೂ ಉಳಿದಿರುವುದಿಲ್ಲ. ಹಾಗಾಗಿ ಅಂಥ ದಾಳಿಗಳು ಹೆಚ್ಚಾಗಿ ರಾತ್ರಿಯಲ್ಲೇ.