ಲೂಸಿಯಾನದ ಲೆಕ್ಕ: ಹೆಚ್ಚಿದ್ದು ಸರಕೋ, ಬೆಲೆಯೋ?

ಧಾರವಾಡದ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಅಲ್ಪಬಾಳಿಕೆಯ ಸರಕುಗಳ (ಆಹಾರ, ಇಂಧನದಂಥ, ಬೇಗ ಬಳಸಿ ಮುಗಿಯುವ ವಸ್ತುಗಳ) ಉತ್ಪಾದನೆ ಭಾರಿಯಾಗಿ ಏರಿತೆಂದು ಕಳೆದ ಸಂಚಿಕೆಯ ಲೇಖನ ಹೇಳಿತ್ತು. ಆ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿರುವ ಅವರ ಮಗಳ ಕಣ್ಣಿಗೆ ಅಂಥ ಹೆಚ್ಚಳ ಬಿದ್ದಿಲ್ಲ. ಹಾಗಾದರೆ ಏರಿದ್ದು ಏನು? ಟೈರನ್ನು ಅಲ್ಪಬಾಳಿಕೆಯ ಸರಕೆಂದು ಎಣಿಸುವುದು ಯಾವ ನ್ಯಾಯ? ನಮ್ಮ ದೇಶದ ಕೈಗಾರಿಕಾ ಉತ್ಪಾದನಾ ಸೂಚ್ಯಂಕದೊಡನೆ ಇದನ್ನು ಹೋಲಿಸಬಹುದೇ?

ಮಾನ್ಯರೇ,

ತಮ್ಮ ಮಗಳ ಮಾತನ್ನು ತಳ್ಳಿಹಾಕುವ ಆಧಾರ ನಮ್ಮಲ್ಲಿಲ್ಲ; ತಪ್ಪಿದ್ದು ನಮ್ಮ ಲೇಖನ. ಅಮೆರಿಕದ ವಾಣಿಜ್ಯ ಇಲಾಖೆಯ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ಪ್ರತಿ ರಾಜ್ಯದ ಜಿಡಿಪಿಯನ್ನು, ಉದ್ಯಮವಾರು ವಿಂಗಡಿಸಿ, ಪ್ರಚಲಿತ ಬೆಲೆಯಲ್ಲಿ ಒಮ್ಮೆ, ಬೆಲೆಯೇರಿಕೆಯನ್ನು ಕಳೆದು ಇನ್ನೊಮ್ಮೆ ಪ್ರಕಟಿಸುತ್ತದೆ. ನಾವು ಮೊದಲನೆಯ ಅಂಕಿಯನ್ನು ಎತ್ತಿಕೊಂಡು ಅದಕ್ಕೆ ಎರಡನೆಯದರ ಅರ್ಥವನ್ನು ಹಚ್ಚಿದೆವು.

ಈ ಅಂಕಿ ಸರಕಿನ ಮಾರಾಟದ ಮೊತ್ತವಲ್ಲ. ಆ ಮೊತ್ತದಿಂದ ಕಚ್ಚಾವಸ್ತು, ವಿದ್ಯುತ್ತು, ಹೊರಗಿನಿಂದ ಪಡೆದ ಸೇವೆಗಳ ವೆಚ್ಚವನ್ನು ಕಳೆದ ಮೇಲೆ ಉಳಿಯುವ ಮೌಲ್ಯವರ್ಧನೆ. ಅದನ್ನೇ ಇನ್ನೊಂದು ಬದಿಯಿಂದ ಕೂಡಿಸಿದರೆ ನೌಕರರ ವೇತನ ಮತ್ತು ಸವಲತ್ತು, ಸಬ್ಸಿಡಿ ಕಳೆದ ಉತ್ಪಾದನಾ ತೆರಿಗೆ, ಕಂಪನಿಗೆ ಉಳಿಯುವ ಒಟ್ಟು ಮಿಗತೆ, ಈ ಮೂರೂ ಸೇರಿ ಅಷ್ಟೇ ಆಗಬೇಕು. ರಾಜ್ಯಗಳ ಲೆಕ್ಕವನ್ನು ಕಟ್ಟುವುದು ಮುಖ್ಯವಾಗಿ ಈ ಆದಾಯದ ಬದಿಯಿಂದ. ವೇತನದ ಅಂಕಿ ಗಟ್ಟಿಯಾದದ್ದು. ನಿರುದ್ಯೋಗ ವಿಮೆಗಾಗಿ ಮಾಲೀಕರು ಪ್ರತಿ ತ್ರೈಮಾಸಿಕದಲ್ಲಿ ಸಲ್ಲಿಸುವ ವರದಿಗಳು ಅದಕ್ಕೆ ಆಧಾರ. ಕಷ್ಟವಿರುವುದು ಮಿಗತೆಯಲ್ಲಿ. ಹಲವು ರಾಜ್ಯಗಳಲ್ಲಿ ಕಾರ್ಖಾನೆಗಳಿರುವ ಕಂಪನಿ ತನ್ನ ಲಾಭವನ್ನು ಒಟ್ಟಾಗಿ ತೋರಿಸುತ್ತದೆ. ಅದರಲ್ಲಿ ಲೂಸಿಯಾನದ ಪಾಲನ್ನು ಅಂದಾಜಿನಿಂದಲೇ ಬಿಡಿಸಬೇಕಾಗುತ್ತದೆ.

ಲೂಸಿಯಾನದಲ್ಲಿ ಈ ಮಿಗತೆಯ ಏರಿಳಿತವೇ ಇಡೀ ಅಂಕಿಯನ್ನು ಎಳೆದಾಡುತ್ತದೆ, ಏಕೆಂದರೆ ಅಲ್ಲಿನ ಅಲ್ಪಬಾಳಿಕೆಯ ಸರಕೆಂದರೆ ಬಹುಪಾಲು ಪೆಟ್ರೋಲಿಯಂ ಮತ್ತು ರಾಸಾಯನಿಕ. ಬ್ಯಾಟನ್ ರೂಜ್‌ನ ತೈಲ ಸಂಸ್ಕರಣಾಗಾರ 1909ರಿಂದ ಇದೆ. ಅಲ್ಲಿಂದ ನ್ಯೂ ಆರ್ಲಿಯನ್ಸ್‌ವರೆಗೆ ಮಿಸಿಸಿಪ್ಪಿ ನದಿಯ ಎರಡೂ ದಡಗಳಲ್ಲಿ ಗ್ಯಾರಿವಿಲ್‌ನಂಥ ಬೃಹತ್ ಸಂಸ್ಕರಣಾಗಾರಗಳೂ ರಾಸಾಯನಿಕ ಕಾರ್ಖಾನೆಗಳೂ ಹಬ್ಬಿವೆ. ಒಂದು ಪೀಪಾಯಿ ಕಚ್ಚಾ ತೈಲಕ್ಕೆ 80 ಡಾಲರ್, ಇತರ ಖರೀದಿಗೆ 5 ಡಾಲರ್ ಕೊಟ್ಟು, ಅದರಿಂದ ಬಂದ ಪೆಟ್ರೋಲು ಡೀಸೆಲ್‌ಗಳನ್ನು 95 ಡಾಲರಿಗೆ ಮಾರಿದರು ಎಂದುಕೊಳ್ಳೋಣ. ಮೌಲ್ಯವರ್ಧನೆ 10 ಡಾಲರ್. ಮರುವರ್ಷ ಕಚ್ಚಾ ತೈಲ 100 ಡಾಲರಿಗೂ ಮಾರಾಟದ ಬೆಲೆ 130 ಡಾಲರಿಗೂ ಏರಿದರೆ, ಒಂದು ಪೀಪಾಯಿಯೂ ಹೆಚ್ಚು ಸಂಸ್ಕರಿಸದೆ, ಒಬ್ಬ ಕೆಲಸಗಾರನೂ ಹೊಸದಾಗಿ ಸೇರದೆ, ಮೌಲ್ಯವರ್ಧನೆ 25 ಡಾಲರ್ ಆಗುತ್ತದೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ನಂತರ ಕಚ್ಚಾ ತೈಲ 100 ಡಾಲರ್ ದಾಟಿ, ಡೀಸೆಲ್ ಬೆಲೆ ಅದಕ್ಕಿಂತ ವೇಗವಾಗಿ ಏರಿದಾಗ ಸಂಸ್ಕರಣಾಗಾರಗಳ ಲಾಭದ ಅಂತರ ಹೀಗೆಯೇ ಹಿಗ್ಗಿತು.

ಇದನ್ನು ಸರಿಪಡಿಸಲೆಂದೇ ಬೆಲೆಯೇರಿಕೆ ಕಳೆದ ಅಂಕಿ ಇದೆ. ಅದನ್ನು ಈಗ 2017ರ ಡಾಲರಿನಲ್ಲಿ ಕೊಡುತ್ತಾರೆ. ಆದರೆ ರಾಜ್ಯದ ಅಂಕಿಯಿಂದ ಬೆಲೆಯನ್ನು ಕಳೆಯಲು ಬಳಸುವುದು ಆಯಾ ಉದ್ಯಮದ ರಾಷ್ಟ್ರಮಟ್ಟದ ಬೆಲೆ ಸೂಚ್ಯಂಕವನ್ನು. ಲೂಸಿಯಾನದ ಸಂಸ್ಕರಣಾಗಾರಗಳ ಲಾಭದ ಅಂತರ ದೇಶದ ಸರಾಸರಿಗಿಂತ ಹೆಚ್ಚು ಹಿಗ್ಗಿದರೆ ಆ ಹೆಚ್ಚುವರಿ ಭಾಗ ‘ನೈಜ’ ಬೆಳವಣಿಗೆಯ ವೇಷದಲ್ಲಿ ಉಳಿದುಬಿಡುತ್ತದೆ. ನನ್ನ ಮಟ್ಟಿಗೆ ಇದು ಈ ಲೆಕ್ಕದ ದೊಡ್ಡ ಮಿತಿ. ಒಂದೇ ಉದ್ಯಮದ ಮೇಲೆ ನಿಂತ ರಾಜ್ಯದ ವಿಷಯದಲ್ಲಂತೂ ಬೆಲೆ ಕಳೆದ ಅಂಕಿಯನ್ನೂ ಒಂಟಿಯಾಗಿ ನಂಬಬಾರದು.

ಟೈರಿನ ಪ್ರಶ್ನೆಗೆ ಉತ್ತರ ಚಿಕ್ಕದು. ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದು ದೀರ್ಘಬಾಳಿಕೆಯ ಸರಕು ಎಂಬುದು ಸಾಮಾನ್ಯ ಸೂತ್ರವಾದರೂ ಇಲ್ಲಿ ವಿಂಗಡಿಸುವುದು ಒಂದೊಂದು ವಸ್ತುವನ್ನಲ್ಲ, ಇಡೀ ಉದ್ಯಮಗಳನ್ನು. ಆಹಾರ, ಜವಳಿ, ಉಡುಪು, ಚರ್ಮ, ಕಾಗದ, ಮುದ್ರಣ, ಪೆಟ್ರೋಲಿಯಂ, ರಾಸಾಯನಿಕಗಳ ಜೊತೆಗೆ ಪ್ಲಾಸ್ಟಿಕ್ ಮತ್ತು ರಬ್ಬರ್ ಉದ್ಯಮವೂ ಅಲ್ಪಬಾಳಿಕೆಯ ಗುಂಪಿನಲ್ಲಿರುವುದರಿಂದ ಟೈರು ಅಲ್ಲಿ ಸೇರುತ್ತದೆ.

ನಮ್ಮ ಸೂಚ್ಯಂಕದೊಡನೆ ನೇರ ಹೋಲಿಕೆ ಸಲ್ಲದು. ಅದು ಮೌಲ್ಯವರ್ಧನೆಯ ಮೊತ್ತವಲ್ಲ, ಉತ್ಪಾದನೆಯ ಪ್ರಮಾಣದ ಸೂಚಿ; 2011-12ರ ಮೂಲವರ್ಷದ ಸರಣಿಯಲ್ಲಿ ‘ಅಲ್ಪಬಾಳಿಕೆಯ ಗ್ರಾಹಕ ವಸ್ತು’ ಎಂಬುದು ಬಳಕೆಯನ್ನು ಆಧರಿಸಿದ ವರ್ಗ. ಮಂಗಳೂರಿನ ಸಂಸ್ಕರಣಾಗಾರದ ಡೀಸೆಲ್ ಅದರಲ್ಲಿ ಪ್ರಾಥಮಿಕ ಸರಕುಗಳ ಗುಂಪಿಗೆ ಹೋಗುತ್ತದೆ. ಅದೇ ಡೀಸೆಲ್ ಬ್ಯಾಟನ್ ರೂಜ್‌ನಲ್ಲಿ ತಯಾರಾದರೆ ಅಮೆರಿಕದ ಲೆಕ್ಕದಲ್ಲಿ ಅಲ್ಪಬಾಳಿಕೆಯ ಸರಕು.

ಸಂಸ್ಕರಣಾಗಾರಗಳಿಗೆ ಒಳಹೋದ ತೈಲದ ಪ್ರಮಾಣವನ್ನು ಅಮೆರಿಕದ ಎನರ್ಜಿ ಇನ್ಫರ್ಮೇಷನ್ ಅಡ್ಮಿನಿಸ್ಟ್ರೇಷನ್ ಲೂಸಿಯಾನದ ಕರಾವಳಿಗೆ ಪ್ರತ್ಯೇಕವಾಗಿ ಪೀಪಾಯಿಗಳಲ್ಲಿಯೇ ಕೊಡುತ್ತದೆ. ಲೇಖನದ ಆ ವಾಕ್ಯವನ್ನು ತಿದ್ದಿ, ಎರಡೂ ಬಗೆಯ ಡಾಲರ್ ಅಂಕಿಗಳ ಪಕ್ಕದಲ್ಲಿ ಈ ಪೀಪಾಯಿಗಳ ಲೆಕ್ಕವನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ.

— ಸಂಪಾದಕ