ಟೈಮಿಂಗ್ ಗೇರ್ ಉಜ್ಜಬಹುದಾ?

ಪ್ರಶ್ನೆ: ನಮ್ಮ ಹಳೇ ಜಿಪ್ಸಿಗೆ ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಕೂರಿಸುತ್ತಿದ್ದೇವೆ. ಗುಜರಿಯಲ್ಲಿ ಸಿಕ್ಕಿದ್ದು, ಟೈಮಿಂಗ್ ಗೇರ್‌ಗಳೇ (ಪಿಸ್ಟನ್ನಿಗೆ ಹೊಂದಿಕೊಂಡು ವಾಲ್ವ್ ತೆರೆದು ಮುಚ್ಚುವಂತೆ ಮಾಡುವ, ಬೆಲ್ಟ್ ಹಾಕುವ ಹಲ್ಲಿನ ಚಕ್ರಗಳು) ಇರಲಿಲ್ಲ. ಬೇರೆ ಎಂಜಿನ್ನಿನ ಗೇರ್ ಹಾಕಿದರೆ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡ) ಕೀ, ಅಂದರೆ ಗೇರ್ ಜಾರದಂತೆ ಹಿಡಿಯುವ ಲೋಹದ ಚೂರು, ಕೂರುತ್ತಿಲ್ಲ. ಗೇರಿನಲ್ಲಿ ಕೀ ಕೂರುವ ಜಾಗವನ್ನು ಉಜ್ಜಿ ಅಗಲ ಮಾಡೋಣ ಅಂತಾರೆ ಮೆಕ್ಯಾನಿಕ್. ಮಾಡಿಸಲಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬೇಡವೇ ಬೇಡ. ಕೀ ಜಾಗ ಒಂಚೂರು ಸಡಿಲವಾದರೂ ಗೇರ್ ಆಡುತ್ತದೆ, ಆಡ್ತಾ ಆಡ್ತಾ ಕೀಯನ್ನೂ ಕ್ರ್ಯಾಂಕಿನ ಮೂತಿಯನ್ನೂ ತಿಂದು ಹಾಕುತ್ತದೆ, ಆಮೇಲೆ ಕ್ರ್ಯಾಂಕೇ ಬದಲಿಸಬೇಕು. ಕ್ರ್ಯಾಂಕ್ ಗೇರಿಗೆ 20 ಹಲ್ಲು ಅಂತಿಟ್ಟುಕೊಳ್ಳಿ, ಒಂದೇ ಹಲ್ಲು ಜಾರಿದರೆ ಟೈಮಿಂಗ್ 18 ಡಿಗ್ರಿ ತಪ್ಪಿತು. ಎಷ್ಟೋ ಎಂಜಿನ್‌ಗಳಲ್ಲಿ ಇನ್ನೂ ಜಾಸ್ತಿ ತಪ್ಪಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ.

ಅದೇ ಮಾದರಿಯ ಎಂಜಿನ್ನಿನ ಕ್ರ್ಯಾಂಕ್ ಗೇರ್, ಕ್ಯಾಮ್ (ವಾಲ್ವ್ ತೆರೆಯುವ ದಂಡ) ಗೇರ್ ಎರಡನ್ನೂ ಜೋಡಿಯಾಗಿಯೇ ತನ್ನಿ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಹೊಸದೇ ಇರಲಿ, ಸುಮ್ನೆ ಅಲ್ಲಿ ದುಡ್ಡು ಉಳಿಸಬೇಡಿ. ಬೆಲ್ಟ್ ಹಾಕಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪಾನ (ಸ್ಪ್ಯಾನರ್) ಹಿಡಿದು ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎರಡೂ ಗೇರಿನ ಗುರುತು ಎಂಜಿನ್ ಮೇಲಿನ ತಮ್ಮ ತಮ್ಮ ಗುರುತಿಗೆ ವಾಪಸ್ ಎದುರುಬದುರು ಬರಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿಬಿಡಿ.

ಅಂದ ಹಾಗೆ, ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ತಗೊಂಡಿದ್ದೀರಿ ಅಲ್ವಾ? ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಸೇರದಿದ್ದರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರಬಹುದು.