ಕವಿ ಹಾಲಿ ಬಗ್ಗೆ ಮಾತಾಡೋದಾದರೆ ಲಾಹೋರಿನಿಂದ ಶುರು ಮಾಡಿ

ಮೇಡಂ, ಓದುಗರ ಬಳಗದಲ್ಲಿ ಉರ್ದು ಕವಿ ಅಲ್ತಾಫ್ ಹುಸೇನ್ ಹಾಲಿ ಬಗ್ಗೆ ಅರ್ಧ ಗಂಟೆ ಮಾತಾಡಬೇಕು, ಕವಿ, ಅನುವಾದಕ, ಮೇಷ್ಟ್ರು ಅಂತ ಮೂರು ಭಾಗ ಮಾಡಿಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಅವರ ಕವಿತೆಯ ದಾರಿ ಬದಲಾಗಿದ್ದೇ ಹೊಟ್ಟೆಪಾಡಿನ ನೌಕರಿಯಿಂದ. ಆ ಎಳೆ ಹಿಡಿದುಕೊಂಡರೆ ಮೂರೂ ತಾವಾಗಿಯೇ ಬರುತ್ತವೆ.

ಬಾಲ್ಯ ಬೇಗ ಮುಗಿಸಿ. 1837ರಲ್ಲಿ ಪಾಣಿಪತ್‌ನಲ್ಲಿ ಹುಟ್ಟಿದರು. ತಂದೆ ಬೇಗ ತೀರಿಕೊಂಡರು. ಹದಿನೇಳಕ್ಕೆ ಮದುವೆ. ಓದೋ ಹಟಕ್ಕೆ ಮನೆಯಲ್ಲಿ ಹೇಳದೆ ಕೇಳದೆ ದೆಹಲಿಗೆ ಹೊರಟುಬಿಟ್ಟರು. ಅಲ್ಲಿ ಮಹಾಕವಿ ಗಾಲಿಬ್ ಒಡನಾಟ. ಆಮೇಲೆ ತಾವೂ ಕವಿಯಾಗಿದ್ದ ನವಾಬ್ ಶೇಫ್ತಾ ಅವರ ಮಕ್ಕಳಿಗೆ ಮನೆಪಾಠ. 1869ರಲ್ಲಿ ಗಾಲಿಬ್, ಶೇಫ್ತಾ ಇಬ್ಬರೂ ಹೋದರು. ಹಾಲಿ ನೌಕರಿ ಹುಡುಕಿಕೊಂಡು ಲಾಹೋರಿಗೆ ಬಂದರು.

ಇಲ್ಲಿ ಸ್ವಲ್ಪ ನಿಲ್ಲಿ. ಪಂಜಾಬ್ ಸರ್ಕಾರಿ ಬುಕ್ ಡಿಪೋದಲ್ಲಿ ಅವರ ಕೆಲಸ, ಇಂಗ್ಲಿಷಿನಿಂದ ಬೇರೆಯವರು ಅನುವಾದಿಸಿದ ಪುಸ್ತಕಗಳ ಉರ್ದು ತಿದ್ದೋದು. ತಮಾಷೆ ನೋಡಿ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾಲ್ಕು ವರ್ಷದಷ್ಟು ಕಾಲ ಆ ಹಾಳೆಗಳನ್ನು ತಿದ್ದುತ್ತಾ ತಿದ್ದುತ್ತಾ ಇಂಗ್ಲಿಷ್ ಬರಹದ ರೀತಿ ಹಿಡಿಸಿ, ಹಳೆಯ ಗಜಲಿನ ಉತ್ಪ್ರೇಕ್ಷೆ ಅವರಿಗೇ ಬೇಸರವಾಯಿತು. ಅರಬ್ಬಿಯಿಂದ ಒಂದು ಭೂಗರ್ಭಶಾಸ್ತ್ರದ ಪುಸ್ತಕವನ್ನು ತಾವೇ ಉರ್ದುವಿಗೆ ತಂದಿದ್ದಾರೆ. ಕವಿಯೊಬ್ಬರು ಕಲ್ಲು ಮಣ್ಣಿನ ಪದರಗಳ ಬಗ್ಗೆ ಬರೆದರು ಅಂದರೆ ಸಭೆ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತೆ, ಬಿಡಬೇಡಿ.

1874ರಲ್ಲಿ ಅದೇ ಊರಲ್ಲಿ ಹೊಸ ಥರದ ಮುಷಾಯಿರಾ, ಅಂದರೆ ಕವಿಗೋಷ್ಠಿ, ಶುರುವಾಯಿತು. ಉರ್ದು ಲೇಖಕ ಮುಹಮ್ಮದ್ ಹುಸೇನ್ ಆಜಾದ್, ಶಿಕ್ಷಣ ಇಲಾಖೆಯ ಕರ್ನಲ್ ಹಾಲ್‌ರಾಯ್ಡ್ ಅದರ ಹಿಂದಿದ್ದವರು. ಸಾಮಾನ್ಯವಾಗಿ ಕವಿಗಳಿಗೆ ಒಂದು ಸಾಲು ಕೊಟ್ಟು ಅದೇ ಛಂದಸ್ಸು, ಪ್ರಾಸದಲ್ಲಿ ಬರೆಯಿರಿ ಅನ್ನುತ್ತಿದ್ದರು. ಇಲ್ಲಿ ಸಾಲಿನ ಬದಲು ವಿಷಯ ಕೊಟ್ಟರು: ಮಳೆಗಾಲ, ಭರವಸೆ, ದೇಶಪ್ರೇಮ, ಹೀಗೆ. ಹಾಲಿ ಮಳೆಗಾಲಕ್ಕೆ 'ಬರ್ಖಾ ರುತ್' ಬರೆದರು. ಮೊದಲು ಬಿಸಿಲಿನ ಝಳದಲ್ಲಿ ಬೇಯಿಸಿ ಆಮೇಲೆ ಮಳೆ ತರುತ್ತಾರೆ. ಬಿಸಿಲು, ಮಳೆ ಎರಡೂ ಭಾಗದಿಂದ ನಾಲ್ಕು ಸಾಲು ಓದಿ ತೋರಿಸಿ, ಸಾಕು.

ಮುಂದೆ ದೆಹಲಿಯ ಆಂಗ್ಲೋ-ಅರೇಬಿಕ್ ಶಾಲೆಯಲ್ಲಿ ಮೇಷ್ಟ್ರು. 1879ರಲ್ಲಿ 'ಮುಸದ್ದಸ್', ಮುಸ್ಲಿಮರ ಏಳುಬೀಳಿನ ಬಗ್ಗೆ ಒಂದು ದೀರ್ಘ ಕಾವ್ಯ. ನಮ್ಮ ಷಟ್ಪದಿಯಂತೆ ಪ್ರತಿ ಪದ್ಯಕ್ಕೆ ಆರೇ ಸಾಲು, ಆದರೆ ಪ್ರಾಸ ಸಾಲಿನ ಕೊನೆಗೆ: ಮೊದಲ ನಾಲ್ಕಕ್ಕೆ ಒಂದು, ಕೊನೆಯ ಎರಡಕ್ಕೆ ಇನ್ನೊಂದು. ಬರೆಯಲು ಒತ್ತಾಯಿಸಿದವರು ಅಲೀಗಢದ ಕಾಲೇಜು ಕಟ್ಟಿದ ಸರ್ ಸಯ್ಯದ್ ಅಹ್ಮದ್ ಖಾನ್. ಎಲ್ಲರೂ ಇದನ್ನೇ ಹೊಗಳುತ್ತಾರೆ. ನನಗೇನೋ ಸ್ವಲ್ಪ ಉಪದೇಶ ಜಾಸ್ತಿ ಅನ್ನಿಸುತ್ತೆ.

ನಿಮ್ಮ ಸಮಯ 'ಮಜಾಲಿಸುನ್ನಿಸಾ' (ಹೆಂಗಸರ ಕೂಟಗಳು) ಅನ್ನೋ ಗದ್ಯ ಪುಸ್ತಕಕ್ಕೆ ಇಟ್ಟುಕೊಳ್ಳಿ. 1874ರದು. ಹೆಂಗಸರು ಮನೆಯೊಳಗೆ ಕೂತು ಮಾತಾಡುವಂತೆ ಬರೆದಿದ್ದಾರೆ; ಹೆಣ್ಣುಮಕ್ಕಳು ಯಾಕೆ ಓದಬೇಕು ಅನ್ನೋದು ಭಾಷಣವಾಗದೆ ಮನೆಮಾತಿನಲ್ಲೇ ಬರುತ್ತೆ. ವೈಸ್‌ರಾಯ್ ನಾರ್ತ್‌ಬ್ರೂಕ್ ಕೈಯಿಂದ 400 ರೂಪಾಯಿ ಬಹುಮಾನ ಸಿಕ್ಕಿತು, ಹೆಣ್ಣುಮಕ್ಕಳ ಶಾಲೆಗಳಲ್ಲಿ ಪಠ್ಯವೂ ಆಯಿತು. ಜೊತೆಗೆ ಬಾಲವಿಧವೆಯ ಮೊರೆಯಾದ 'ಮುನಾಜಾತೆ ಬೇವಾ' ಓದಿ. ಹಿಂದಿ ಬರುವವರಿಗೂ ಹೆಚ್ಚುಕಮ್ಮಿ ನೇರವಾಗಿ ತಿಳಿಯುತ್ತೆ.

ತಮ್ಮ ಕವನ ಸಂಗ್ರಹಕ್ಕೆ ಅವರು ಬರೆದ ಮುನ್ನುಡಿ, 1893ರ 'ಮುಕದ್ದಮಾ', ಉರ್ದು ವಿಮರ್ಶೆಗೆ ಬುನಾದಿ. ಅದನ್ನು ಎರಡು ಮಾತಲ್ಲಿ ಮುಗಿಸಿ, ಹೊಸಬರಿಗೆ ಭಾರ. ಅದರ ಬದಲು ಗಾಲಿಬ್ ಜೀವನಚರಿತ್ರೆಯಾದ 1897ರ 'ಯಾದ್‌ಗಾರೆ ಗಾಲಿಬ್'ನಿಂದ ಒಂದೆರಡು ಪ್ರಸಂಗ ಹೇಳಿ, ಜನ ನಗುತ್ತಾರೆ.

ಲಿಪಿಯ ಚಿಂತೆ ಬೇಡ. ರೇಖ್ತಾ ಜಾಲತಾಣದಲ್ಲಿ ಪದ್ಯಗಳು ದೇವನಾಗರಿಯಲ್ಲೂ ಇವೆ, ಪದ ಒತ್ತಿದರೆ ಅರ್ಥ ಬರುತ್ತೆ. 'ಮಜಾಲಿಸ್' ಇಂಗ್ಲಿಷಿನಲ್ಲಿ ಬೇಕಿದ್ದರೆ ಗೇಲ್ ಮಿನಾಲ್ಟ್ ಅನುವಾದ ಹುಡುಕಿ. ಹೆಂಗಸರ ಬಗ್ಗೆ 1905ರಲ್ಲಿ ಬರೆದ 'ಚುಪ್ ಕೀ ದಾದ್' ಪದ್ಯವೂ ಅದೇ ಪುಸ್ತಕದಲ್ಲಿದೆ.